ವೈನಿಯ ಮೂವತ್ತೊಂದು ತಾಸು

ಬಬಲೇಶ್ವರದ ಕಡೆ ಹುಡುಗಿಯೊಬ್ಬಳು ಎಂ.ಎ.ಗೆ ಹೆಸರು ಹಚ್ಚಿದಳೆಂದರೆ ಜನ ಕೇಳುವುದು ಎರಡೇ ಪ್ರಶ್ನೆ: ಯಾವ ಸಬ್ಜೆಕ್ಟು, ಮುಂದೇನು. ನನ್ನ ಮಟ್ಟಿಗೆ ಮೊದಲನೆಯದರ ಉತ್ತರ ಕೇಳಿದವರು ಎರಡನೆಯದನ್ನು ಕೇಳುವ ಧೈರ್ಯ ಮಾಡಲಿಲ್ಲ. ಮಹಿಳಾ ಅಧ್ಯಯನ ಎಂದೆ. ಕಿರಾಣಿ ಅಂಗಡಿಯ ಕಾಕಾ ಸಕ್ಕರೆ ತೂಗುವುದನ್ನು ನಿಲ್ಲಿಸಿ, ‘ಹೆಂಗಸೂರ ಬಗ್ಗೆ ಓದಾಕ ವಿಜಾಪುರಕ್ಕ ಯಾಕ ಹೋಗಬೇಕ ತಂಗಿ? ನಿಮ್ಮ ಮನ್ಯಾಗ ನಾಕ ಮಂದಿ ಅದಾರಲ್ಲ’ ಎಂದರು. ಎಂಥ ಅಜ್ಞಾನ ಎಂದು ನಾನು ಮರುಗಿದೆ.

ಆ ವಾರವೇ ಹಿಂದಿನ ಓಣಿಯ ಮುದುಕಿಯೊಬ್ಬಳು ಬಸುರಿ ಸೊಸೆಯನ್ನೂ ಅವಳ ಸ್ಕ್ಯಾನಿಂಗ್ ರಿಪೋರ್ಟನ್ನೂ ಹಿಡಿದು ಮನೆ ಬಾಗಿಲಿಗೆ ಬಂದಳು. ನಾನು ಹೆಂಗಸರ ಡಾಕ್ಟರಕಿ ಓದುತ್ತೇನೆಂದು ಯಾರೋ ಹೇಳಿದ್ದರಂತೆ. ಹೆಂಗಸರ ದೇಹ ನಮ್ಮ ಸಿಲೆಬಸ್ಸಿನಲ್ಲಿಲ್ಲ, ಹೆಂಗಸರ ಸುತ್ತಲಿನ ಸಮಾಜ ಮಾತ್ರ ನಮಗೆ ಬರುತ್ತದೆ ಎಂದು ತಿಳಿಸಿ ಹೇಳಿದೆ. ಅರ್ಥಶಾಸ್ತ್ರ, ಕಾನೂನು, ಇತಿಹಾಸ, ಸಾಹಿತ್ಯ ನಾಲ್ಕೂ ಕೂಡಿದ ಓದು ಅದು ಎಂದೆ. ಮುದುಕಿ ಎಲ್ಲವನ್ನೂ ಸಮಾಧಾನದಿಂದ ಕೇಳಿ ಸೊಸೆಗೆ ಹೇಳಿದಳು: ‘ನಡೀ, ಈಕಿಗೆ ಇನ್ನಾ ಏನೂ ಕಲಿಸಿಲ್ಲ.’

ವಿಶ್ವವಿದ್ಯಾಲಯ ಇರುವುದು ವಿಜಯಪುರದಾಚೆ, ತೊರವಿಯ ಬಳಿ. 2003ರಲ್ಲಿ ಕರ್ನಾಟಕ ರಾಜ್ಯ ಮಹಿಳಾ ವಿಶ್ವವಿದ್ಯಾಲಯವಾಗಿ ಶುರುವಾಗಿ, 2017ರಲ್ಲಿ ಅಕ್ಕಮಹಾದೇವಿಯ ಹೆಸರು ಪಡೆದದ್ದು. ಅದೇ ತೊರವಿಯಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ನವರಸಪುರವೆಂಬ ಹೊಸ ನಗರ ಕಟ್ಟಲು ಕೈಹಾಕಿದ್ದ. 1624ರಲ್ಲಿ ಮಲಿಕ್ ಅಂಬರ್ ಬಂದು ಅದನ್ನು ಹಾಳುಗೆಡವಿ ಹೋದ. ಮುರುಕು ಗೋಡೆಗಳು ಇನ್ನೂ ನಿಂತಿವೆ. ದೊಡ್ಡ ಯೋಜನೆ ಹಾಕಿಕೊಳ್ಳುವ ಮುಂಚೆ ಅವುಗಳ ಕಡೆಗೊಮ್ಮೆ ಕಣ್ಣು ಹಾಯಿಸಬಹುದಿತ್ತು. ನಾನು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೂ ಮೊಬೈಲ್ ನೋಡುವವಳು.

ಬಸ್ಸೆಂದರೆ ಎರಡು. ಜಮಖಂಡಿ ರಸ್ತೆಯಲ್ಲಿರುವ ಬಬಲೇಶ್ವರದಿಂದ ವಿಜಯಪುರಕ್ಕೊಂದು, ಅಲ್ಲಿಂದ ತೊರವಿಗೆ ಇನ್ನೊಂದು. 2023ರ ಜೂನ್ 11ರಿಂದ ಹೆಂಗಸರಿಗೆ ಎರಡೂ ಪುಕ್ಕಟೆ. ಆಧಾರ್ ತೋರಿಸಿದರೆ ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡುತ್ತಾರೆ. ‘ರೊಕ್ಕಾ ಕೊಟ್ಟಾಂವ ನಿಂತಾನ, ಫುಕ್ಕಟ್ ಬಂದಾಕಿ ಕುಂತಾಳ’ ಎಂದು ಗೊಣಗಿದ ಹಿರಿಯರೊಬ್ಬರಿಗೆ ಒಮ್ಮೆ ಊರು ಬರುವವರೆಗೂ ಸ್ತ್ರೀಯರ ಸಂಚಾರ ಸ್ವಾತಂತ್ರ್ಯದ ಕುರಿತು ಉಪನ್ಯಾಸ ಕೊಟ್ಟೆ. ಸೀಟು ಮಾತ್ರ ಕೊಡಲಿಲ್ಲ. ಇಳಿಯುವಾಗ ಅವರು, ‘ಇಷ್ಟ ಮಾತಾಡಾಕ ಕುಂತಿದ್ದಕ್ಕ ದಮ್ಮ ಬಂದಿತ್ತ ನೋಡ’ ಎಂದರು.

ಮೊದಲ ಸೆಮಿಸ್ಟರಿನಲ್ಲಿ ನಾನು ಮನೆಮಂದಿಗೆ ಸಹಿಸಲಾಗದ ಪ್ರಾಣಿಯಾದೆ. ಅರ್ಥಶಾಸ್ತ್ರದವರು ತರಗತಿಯಲ್ಲಿ ಕೂಲಿಯ ಮಾತು ತೆಗೆಯುತ್ತಿದ್ದರು, ಕಾನೂನಿನವರು ಆಸ್ತಿಯದು, ಇತಿಹಾಸದವರು ಚಾಂದಬೀಬಿಯದು, ಸಾಹಿತ್ಯದವರು ಅಕ್ಕನದು. ಸಂಜೆ ಮನೆಗೆ ಬಂದು ನಾಲ್ಕನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿ ಎಲ್ಲರಿಗೂ ಬಡಿಸುತ್ತಿದ್ದೆ. ಒಂದು ರಾತ್ರಿ ಊಟದ ಹೊತ್ತಿಗೆ, 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಪ್ರಕಾರ ಹೊಲದಲ್ಲಿ ನನಗೂ ಅಣ್ಣನಷ್ಟೇ ಪಾಲಿದೆ, ಅದಕ್ಕೂ ಮುಂಚೆ 1994ರಿಂದಲೇ ಕರ್ನಾಟಕದಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲು ಇತ್ತು ಎಂದು ಘೋಷಿಸಿದೆ. ಅಪ್ಪನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಅಣ್ಣ ಆ ವಾರ ಪೂರ್ತಿ ಕೇಳದೆಯೇ ನನ್ನನ್ನು ಬೈಕಿನ ಮೇಲೆ ಬಸ್‌ಸ್ಟ್ಯಾಂಡಿಗೆ ಬಿಟ್ಟ. ಆಯಿ, ಅಂದರೆ ಅಜ್ಜಿ, ಒಬ್ಬಳೇ ವಿಷಯಕ್ಕೆ ಬಂದವಳು. ‘ಪಾಲ ತಗೋ ಯವ್ವಾ. ಪಾಲ ತಗೊಂಡಾಕಿನ್ನ ನಾಗರಪಂಚಮಿಗೆ ತವರಮನಿಗೆ ಕರಿಯಾವ್ರು ಯಾರು, ಅದನ್ನಷ್ಟ ನಿಮ್ಮ ಮೇಡಮ್ಮಗ ಕೇಳಕೊಂಡ ಬಾ.’ ಹೆಣ್ಣುಮಕ್ಕಳು ಹಕ್ಕುಬಿಡುಗಡೆ ಪತ್ರಕ್ಕೆ ಯಾಕೆ ಸಹಿ ಹಾಕುತ್ತಾರೆ ಎಂಬುದಕ್ಕೆ ಇದಕ್ಕಿಂತ ಚಿಕ್ಕ, ಇದಕ್ಕಿಂತ ಪೂರ್ಣ ವಿವರಣೆಯನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಆದರೆ ಆಯಿಯ ಮಾತಿಗೆ ಅಡಿಟಿಪ್ಪಣಿ ಇರಲಿಲ್ಲವಾದ್ದರಿಂದ ನಾನದನ್ನು ಬರೆದುಕೊಳ್ಳಲಿಲ್ಲ.

ಇನ್ನೊಂದು ದಿನ ಗಂಡಸರು ಮೊದಲು ಉಣ್ಣುವ ಪದ್ಧತಿಯನ್ನು ರದ್ದು ಮಾಡಿದೆ. ಎಲ್ಲರೂ ಒಂದೇ ಸಾಲಿಗೆ ಕೂತೆವು. ಬಿಸಿ ರೊಟ್ಟಿಗೆ ವೈನಿ, ಅಂದರೆ ಅಣ್ಣನ ಹೆಂಡತಿ, ಎದ್ದಳು, ಎಣಗಾಯಿಗೆ ಎದ್ದಳು, ಅಪ್ಪನ ನೀರಿಗೆ ಎದ್ದಳು, ಶೇಂಗಾ ಹಿಂಡಿಗೆ ಎದ್ದಳು. ನನ್ನ ಮೊಸರಿಗೂ ಎದ್ದಳು. ಸಮಾನತೆಯ ಆ ಊಟದಲ್ಲಿ ಕುಳಿತು ಉಣ್ಣದೆ ಉಳಿದವಳು ಅವಳೊಬ್ಬಳೇ. ಮರುದಿನ ಅವಳೇ, ‘ನೀವೆಲ್ಲಾ ಮೊದಲ ಉಂಡ ಏಳ್ರಿ, ನಾ ಆಮ್ಯಾಲ ಆರಾಮ ಕುಂತ ಉಣತೀನಿ’ ಎಂದು ಹಳೆಯ ಪದ್ಧತಿಯನ್ನು ಮರಳಿ ತಂದಳು.

ವೈನಿಯ ಬಗ್ಗೆ ಇಷ್ಟು ಹೇಳಬೇಕು. ಅವಳು ಬಿ.ಎ. ಮುಗಿಸಿದವಳು. ಸಮಾಜಶಾಸ್ತ್ರದಲ್ಲಿ ನನಗಿಂತ ಹೆಚ್ಚು ಅಂಕ. ಫಲಿತಾಂಶ ಬಂದ ವರ್ಷವೇ ಲಗ್ನವಾಯಿತು. ಅಂಕಪಟ್ಟಿ ಟ್ರಂಕಿನಲ್ಲಿ, ಇಳಕಲ್ ಸೀರೆಯ ಕೆಳಗಿದೆ.

ನೆಂಟಸ್ತಿಕೆಯ ಪಾಠ ಬಂದಾಗ ಇರಾವತಿ ಕರ್ವೆಯವರು 1953ರಲ್ಲಿ ಬರೆದ ಭಾರತದ ಬಂಧುತ್ವ ವ್ಯವಸ್ಥೆಯ ಗ್ರಂಥದ ಪರಿಚಯವಾಯಿತು. ಉತ್ತರದವರು ಮಗಳನ್ನು ದೂರದ, ಗುರುತಿಲ್ಲದ ಮನೆಗೆ ಕೊಡುತ್ತಾರೆ, ದಕ್ಷಿಣದವರು ಗುರುತಿನವರೊಳಗೇ, ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಡುತ್ತಾರೆ ಎಂಬುದು ಅದರಲ್ಲಿ ಬರುವ ದೊಡ್ಡ ವ್ಯತ್ಯಾಸ. ಸ್ವಂತ ಮನೆತನದ ನಕ್ಷೆ ಬರೆದು ತನ್ನಿ ಎಂದರು. ಗಂಡಿಗೆ ತ್ರಿಕೋನ, ಹೆಣ್ಣಿಗೆ ಸೊನ್ನೆ, ಮದುವೆಗೆ ಸಮಚಿಹ್ನೆ. ನೆಲದ ಮೇಲೆ ಡ್ರಾಯಿಂಗ್ ಶೀಟು ಹಾಸಿ ಆಯಿಯನ್ನು ಕೂರಿಸಿಕೊಂಡೆ.

‘ಗಂಡಸರಿಗೆ ಮೂರ ಮೂಲಿ, ನಮಗ ಒಂದೂ ಇಲ್ಲೇನು?’ ಎಂಬುದು ಅವಳ ಮೊದಲ ತಕರಾರು. ಎರಡನೆಯದು ನಕ್ಷೆಯದೇ ತಕರಾರು. ಆಯಿಯನ್ನು ಕೊಟ್ಟದ್ದು ಅವಳ ಸೋದರಮಾವನಿಗೆ. ಆದ್ದರಿಂದ ಅಜ್ಜ ಆಯಿಯ ಪಕ್ಕದಲ್ಲೂ ಇರಬೇಕು, ಒಂದು ತಲೆ ಮೇಲೆ ಅವಳ ತಾಯಿಯ ಪಕ್ಕದಲ್ಲೂ ಇರಬೇಕು. ಅಜ್ಜನನ್ನು ಮೇಲಿನಿಂದ ಕೆಳಕ್ಕೆ ಗೆರೆ ಎಳೆದು ಇಳಿಸಿದೆ. ನನ್ನ ಅತ್ತಿಯನ್ನು ಕೊಟ್ಟದ್ದು ಆಯಿಯ ತಮ್ಮನಿಗೆ. ಅವನನ್ನೂ ಎಳೆದೆ. ಶೀಟಿನ ಮಧ್ಯದಲ್ಲಿ ಇಷ್ಟು ಗೆರೆಗಳು ಕೂಡಿದವೆಂದರೆ ಅಲ್ಲೊಂದು ಕೊಲೆಯಾದಂತಿತ್ತು. ಕೊನೆಗೆ ನನ್ನ ಸೊನ್ನೆ ಬರೆದು, ಪಾಠದ ಪ್ರಕಾರ ‘ಮುಂದಿನ ಸಂಬಂಧ’ ತೋರಿಸಲು ಪಕ್ಕದಲ್ಲೊಂದು ಖಾಲಿ ತ್ರಿಕೋನ ಇಟ್ಟೆ.

‘ಆ ಮೂಲಿ ಯಾಕ ಖಾಲಿ ಬಿಟ್ಟಿ?’

‘ಅದು ಉದಾಹರಣೆಗೆ, ಆಯಿ.’

ಅವಳಿಗೆ ಉದಾಹರಣೆಯಲ್ಲಿ ನಂಬಿಕೆಯಿಲ್ಲ. ಸೋಲಾಪುರದಲ್ಲಿ ಟೈರ್ ಅಂಗಡಿ ಇಟ್ಟಿರುವ ನನ್ನ ಸೋದರಮಾವನ ಮಗನನ್ನು ಅದರಲ್ಲಿ ತುಂಬಿಬಿಟ್ಟಳು. ಅಣ್ಣನ ಕೈಯಲ್ಲಿ ನಕ್ಷೆಯ ಫೋಟೊ ತೆಗೆಸಿ ವಾಟ್ಸ್ಆ್ಯಪಿನಲ್ಲಿ ಮಾವನಿಗೆ ಕಳಿಸಿದಳು. ಹುಡುಗಿಯೇ ಬರೆದು ತೋರಿಸ್ಯಾಳ ಎಂಬ ಒಕ್ಕಣೆ ಬೇರೆ. ರಾತ್ರಿ ಒಂಬತ್ತಕ್ಕೆ ಮಾವನ ಫೋನು: ದೀಪಾವಳಿ ಮುಗಿದ ಮೇಲೆ ಮಾತಾಡೋಣ. ದಕ್ಷಿಣ ಭಾರತದ ವಿವಾಹ ಪದ್ಧತಿಯನ್ನು ಅಧ್ಯಯನ ಮಾಡಲು ಹೋದವಳು ಅದರಲ್ಲಿ ಅರ್ಧ ಸೇರಿಬಿಟ್ಟಿದ್ದೆ. ಬಿಡಿಸಿಕೊಳ್ಳಲು ಒಂದು ಸೆಮಿಸ್ಟರ್ ಹಿಡಿಯಿತು. ಆ ಹುಡುಗನೇ ಪುಣೆಯ ಕಡೆಯ ಒಬ್ಬಳನ್ನು ನೋಡಿಕೊಂಡಿದ್ದರಿಂದ ಬಚಾವಾದೆ. ಕರ್ವೆಯವರ ಉತ್ತರ ದಕ್ಷಿಣದ ಗೆರೆಯನ್ನು ಅವನು ಒಬ್ಬನೇ ದಾಟಿದ.

ಇಷ್ಟಾದ ಮೇಲೂ ಬುದ್ಧಿ ಬರಲಿಲ್ಲ. ಕಿರುಸಂಶೋಧನೆಗೆ ನಾನು ಆರಿಸಿಕೊಂಡದ್ದು ಮನೆಗೆಲಸದ ಸಮಯ. ಇದು ಒಳ್ಳೆಯ ವಿಷಯ, ಈಗಲೂ ಹಾಗೇ ಅನ್ನುತ್ತೇನೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಯವರಿಗಾಗಿ ಕೂಲಿಯಿಲ್ಲದೆ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಾರೆ. ಆ ಕೆಲಸಕ್ಕೆ ಕೈಹಚ್ಚುವ ಗಂಡಸರು, ಅವರೇ ಕಡಿಮೆ, 97 ನಿಮಿಷ. 2024ರಲ್ಲಿ ಮತ್ತೆ ಎಣಿಸಿದರು. ಹೆಂಗಸರದು 289ಕ್ಕೆ ಇಳಿದಿತ್ತು. ಗಂಡಸರದೂ 88ಕ್ಕೆ ಇಳಿದಿತ್ತು. ಹೆಂಗಸರು ಬಿಟ್ಟ ಹತ್ತು ನಿಮಿಷ ಗಂಡಸರ ತಲೆಗೆ ಬರದಿರಲೆಂದು ದೇವರೇ ನೋಡಿಕೊಂಡಿದ್ದ. ಇಂಥ ಲೆಕ್ಕ ನಮ್ಮವರಿಗೆ ಹೊಸದಲ್ಲ. ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಎಪ್ಪತ್ತರ ದಶಕದಲ್ಲೇ ರಾಜಸ್ಥಾನ, ಬಂಗಾಳದ ಹಳ್ಳಿಗಳಲ್ಲಿ ಹೆಂಗಸರ ದಿನವನ್ನು ಗಂಟೆಗಂಟೆಗೂ ಬರೆಸಿದ್ದರು. ಲಂಡನ್ನಿನಲ್ಲಿ ಆನ್ ಓಕ್ಲಿ ಎಂಬಾಕೆ 40 ಗೃಹಿಣಿಯರನ್ನು ಮಾತಾಡಿಸಿ, ಅವರು ವಾರಕ್ಕೆ ಸರಾಸರಿ 77 ಗಂಟೆ ಮನೆಗೆಲಸ ಮಾಡುತ್ತಾರೆಂದು 1974ರ ಪುಸ್ತಕದಲ್ಲಿ ಬರೆದಳು. ಆಕೆಗೆ 40 ಸಾಕಾದರೆ ನನಗೂ ಸಾಕು ಎಂದು 40 ಫಾರ್ಮು ಝೆರಾಕ್ಸ್ ಮಾಡಿಸಿಕೊಂಡು ಊರಿಗೆ ಬಂದೆ.

ಸರ್ಕಾರಿ ಸಮೀಕ್ಷೆಯಲ್ಲಿ ದಿನ ಶುರುವಾಗುವುದು ಬೆಳಗಿನ ನಾಲ್ಕಕ್ಕೆ, ಮುಗಿಯುವುದು ಮರುದಿನದ ನಾಲ್ಕಕ್ಕೆ. ನಡುವೆ ಅರ್ಧ ಅರ್ಧ ತಾಸಿನ ಮನೆಗಳು. ನಾನೂ ಹಾಗೇ ಮಾಡಿದ್ದೆ. ಮೊದಲ ಫಾರ್ಮು ಆಯಿಯದು.

‘ನಾಕಕ್ಕ ಏನ ಮಾಡತಿ ಆಯಿ?’

‘ನಾಕಕ್ಕ ಏನದ ಮಾಡಾಕ? ಅಷ್ಟೊತ್ತಿಗೆ ಕಸಾ ಹೊಡದ, ದನದ ಮುಂದ ಮೇವ ಹಾಕಿ ಆಗಿರತೈತಿ.’

ಅದು ಹಿಂದಿನ ದಿನದ ಲೆಕ್ಕಕ್ಕೆ ಬರುತ್ತದೆ ಎಂದೆ. ಆಯಿ ನನ್ನನ್ನು ಬಹಳ ಹೊತ್ತು ನೋಡಿದಳು. ‘ಅಂದ್ರ ಇವತ್ತ ಹೊಡದ ಕಸಾ ನಿನ್ನಿದು? ಮತ್ತ ಇವತ್ತಿನ ಕಸಾ ಯಾರ ಹೊಡೀಬೇಕು?’ ಎಂದು ಕೇಳಿ, ಅಡುಗೆಮನೆಯ ಕಡೆ ಕೂಗಿ ವೈನಿಗೆ ಹೇಳಿದಳು: ‘ಈಕಿಗೆ ಒಂದ ಕಪ್ ಚಹಾ ಕೊಡ ಬೇ, ತಲಿ ಕೆಟ್ಟೈತಿ.’

ವೈನಿಯದು ಎರಡನೇ ಫಾರ್ಮು. ಬೆಳಿಗ್ಗೆ ಆರೂವರೆಗೆ ಏನು ಮಾಡಿದಿ ಎಂದರೆ, ರೊಟ್ಟಿ ಬಡಿದೆ ಎಂದಳು. ರೊಟ್ಟಿ ಬಡಿಯುತ್ತಲೇ ಮಗನಿಗೆ ಮಗ್ಗಿ ಹೇಳಿಸಿದ್ದಳು. ಮಗ್ಗಿ ಹೇಳಿಸುತ್ತಲೇ ಒಲೆಯ ಮೇಲಿನ ಹಾಲಿನ ಮೇಲೊಂದು ಕಣ್ಣು, ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿಗೆ ಬಾಯಿ ಹಾಕುವ ಆಡಿನ ಮೇಲೆ ಇನ್ನೊಂದು ಕಣ್ಣು. ಒಂದು ಅವಧಿಯಲ್ಲಿ ಮೂರು ಕೆಲಸದವರೆಗೆ ಬರೆದುಕೊಳ್ಳಬಹುದು ಎಂದು ಸಮೀಕ್ಷೆಯವರ ನಿಯಮವುಂಟು. ಆಡು ನಾಲ್ಕನೆಯದು. ಆಡನ್ನು ಬಿಡುವುದು ನನಗೆ ಅನ್ಯಾಯವೆನ್ನಿಸಿ ಪ್ರತಿಯೊಂದಕ್ಕೂ ಅರ್ಧ ತಾಸು ಬರೆದೆ. ರಾತ್ರಿ ಕೂಡಿಸಿದರೆ ವೈನಿಯ ದಿನ ಮೂವತ್ತೊಂದು ತಾಸಿಗೆ ಬಂದು ನಿಂತಿತು, ನಿದ್ದೆ ಬಿಟ್ಟು.

‘ತಪ್ಪಾಗೇತಿ ವೈನಿ. ದಿನಕ್ಕ ಇಪ್ಪತ್ನಾಲ್ಕ ತಾಸ.’

‘ಅದು ನಿಮಗ’ ಎಂದಳು, ಹಾಲಿಗೆ ಹೆಪ್ಪು ಹಾಕುತ್ತ.

ಹೋಲಿಕೆಗೆ ಅಣ್ಣನ ಫಾರ್ಮೂ ತುಂಬಿಸಿದೆ. ಹೊಲಕ್ಕೆ ಹೋದದ್ದು, ಮೋಟರ್ ಚಾಲೂ ಮಾಡಿದ್ದು, ಕಟ್ಟೆಗೆ ಹೋದದ್ದು. ಮಧ್ಯಾಹ್ನ ಎರಡು ತಾಸು ಖಾಲಿ ಉಳಿದವು. ‘ಚಿಂತಿ ಮಾಡಿದೆ, ಬರಕೊ’ ಎಂದ. ‘ದ್ರಾಕ್ಷಿ ಸಾಲದ ಚಿಂತಿ. ಮನಿ ಕೆಲಸದಾಗ ಹಿಡಿ.’ ಸುಮ್ಮನೆ ಕೂತು ಯೋಚಿಸುವುದಕ್ಕೂ ಸಮೀಕ್ಷೆಯಲ್ಲಿ ಒಂದು ಸಂಕೇತವಿದೆ, ಆದರೆ ಅದು ವಿಶ್ರಾಂತಿಯ ಸಾಲಿನಲ್ಲಿ ಬರುತ್ತದೆ. ಇದನ್ನು ತಿಳಿಸಿದಾಗ ಅವನಿಗೆ ನಿಜಕ್ಕೂ ನೋವಾಯಿತು. ವೈನಿ ಒಳಗಿನಿಂದ, ‘ಅದ ಸಾಲದ ಚಿಂತಿ ನಾ ಹಿಟ್ಟ ನಾದಕೋತ ಮಾಡಿದ್ನೆಲ್ಲ, ಅದನ್ನೂ ಬರೀ’ ಎಂದಳು. ಐದನೆಯ ಕೆಲಸ. ಬರೆಯಲು ಜಾಗವಿರಲಿಲ್ಲ.

ಓಣಿಯಲ್ಲಿ ಕಥೆ ಬೇರೆ. ಕೈಯಲ್ಲಿ ಫಾರ್ಮು ಕಂಡದ್ದೇ ತಡ, ಹೆಂಗಸರು ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ಹಿಡಿದು ಸಾಲಾಗಿ ನಿಂತರು. ಗೃಹಲಕ್ಷ್ಮಿಯ ಎರಡು ಸಾವಿರದ ಕೆಲಸಕ್ಕೆ ಬಂದಿದ್ದೇನೆಂದು ಅವರ ಲೆಕ್ಕ. ಅಲ್ಲವೆಂದಾಗ ಅರ್ಧ ಮಂದಿ ಚದುರಿದರು. ಉಳಿದವರನ್ನು ‘ನೀವೇನು ಕೆಲಸ ಮಾಡತೀರಿ?’ ಎಂದು ಕೇಳಿದೆ. ಕೇಳಿದವರಲ್ಲಿ ಹೆಚ್ಚಿನವರ ಉತ್ತರ ಒಂದೇ: ‘ಏನೂ ಇಲ್ಲವ್ವಾ, ಮನ್ಯಾಗ ಇರತೀನಿ.’ ಏನೂ ಮಾಡದ ಒಬ್ಬಾಕೆ ಹಾಗೆ ಹೇಳುವಾಗ ತಲೆಯ ಮೇಲೆ ಮೇವಿನ ಹೊರೆ ಇತ್ತು, ಕಂಕುಳಲ್ಲಿ ಕೂಸಿತ್ತು. ನಾನು ಫಾರ್ಮು ತುಂಬಿ ಮುಗಿಸುವವರೆಗೂ ಆಕೆ ಹೊರೆ ಇಳಿಸಲಿಲ್ಲ. ಇಳಿಸಿ ಎಂದು ಹೇಳಬೇಕೆಂಬುದು ನನಗೆ ಹೊಳೆಯಲೂ ಇಲ್ಲ.

ಅವರು ಮರಳಿ ಕೇಳಿದ ಪ್ರಶ್ನೆಗಳು ಮಾತ್ರ ನನ್ನವಕ್ಕಿಂತ ಗಟ್ಟಿ. ಇನ್ನೂ ಯಾಕೆ ಲಗ್ನವಾಗಿಲ್ಲ? ಸೋಲಾಪುರದ ಹುಡುಗ ಯಾಕೆ ಒಲ್ಲೆ ಅಂದ? ಇದನ್ನು ಬರೆದುಕೊಂಡು ಹೋದರೆ ನಿನಗೆ ಪಗಾರ ಎಷ್ಟು? ಸಂದರ್ಶನಕ್ಕೆ ಕೂತ ಹೆಂಗಸರು ತಿರುಗಿ ಪ್ರಶ್ನೆ ಕೇಳುತ್ತಾರೆ, ಆಗ ಸಂಶೋಧಕಿ ಉತ್ತರಿಸಲೇಬೇಕು, ತಟಸ್ಥಳಂತೆ ನಟಿಸುವುದು ಸರಿಯಲ್ಲ ಎಂದು ಓಕ್ಲಿ 1981ರ ಲೇಖನದಲ್ಲಿ ವಾದಿಸಿದ್ದಾಳೆ. ವಾದ ಬಹಳ ಹೆಸರಾದದ್ದು. ಆದರೆ ಓಕ್ಲಿಯನ್ನು ಪ್ರಶ್ನಿಸಿದವರಲ್ಲಿ ಆಕೆಯ ಚಿಗವ್ವ ಇರಲಿಲ್ಲ.

ಟಿಕೋಟಾದಲ್ಲಿ ಅತ್ತಿಯ ಮನೆಯವರದು ಮಣೂಕದ ಶೆಡ್ಡು. ಈ ಸೀಮೆಯ ದ್ರಾಕ್ಷಿಯಲ್ಲಿ ಬಹಳಷ್ಟು ಒಣಗಿ ಮಣೂಕವಾಗಿಯೇ ಊರು ಬಿಡುವುದು. ಗೊನೆಗಳನ್ನು ಔಷಧದ ನೀರಿನಲ್ಲಿ ಅದ್ದಿ, ಜಾಳಿಗೆಯ ರ್‍ಯಾಕಿನ ಮೇಲೆ ನೆರಳಲ್ಲಿ ಹರವಿ, ಎರಡು ವಾರ ಗಾಳಿಗೆ ಬಿಡುತ್ತಾರೆ. ಒಣಗಿದ ಮೇಲೆ ತೊಟ್ಟು ಬಿಡಿಸಿ, ಬಣ್ಣ ನೋಡಿ, ಕಪ್ಪಾದದ್ದನ್ನು ಬೇರೆ ತೆಗೆಯುವ ಕೆಲಸ ಹೆಂಗಸರದು. ಸಾಲಾಗಿ ಕೂತು ಬೆಳಗಿನಿಂದ ಸಂಜೆವರೆಗೆ ಆರಿಸುತ್ತಾರೆ. ಕೂಲಿ ಮಾಡುವ ಹೆಂಗಸರ ಫಾರ್ಮುಗಳಿಗಾಗಿ ಮಾರ್ಚಿನ ಬಿಸಿಲಲ್ಲಿ ಅಲ್ಲಿಗೆ ಹೋದೆ.

‘ಬಾಯಿಲೆ ಕೇಳು, ಕೈಲೆ ಆರಸು’ ಎಂದು ಹಿರಿಯಳೊಬ್ಬಳು ನನ್ನ ಮುಂದೆ ಒಂದು ಬುಟ್ಟಿ ಸುರಿದಳು. ಬಾಯಿ, ಕೈ ಎರಡೂ ಒಟ್ಟಿಗೆ ನಡೆಯುವುದಿಲ್ಲವೆಂದು ಹತ್ತು ನಿಮಿಷದಲ್ಲಿ ಗೊತ್ತಾಯಿತು. ಪ್ರಶ್ನೆ ಕೇಳಿದರೆ ಕಪ್ಪು ಮಣೂಕ ಹಸಿರಿಗೆ ಸೇರುತ್ತದೆ, ಮಣೂಕ ನೋಡಿದರೆ ಪ್ರಶ್ನೆ ಮರೆಯುತ್ತದೆ. ಅವರಿಗೆ ಕೈಯೂ ನಡೆಯುತ್ತಿತ್ತು, ಬಾಯಿಯೂ, ನಡುವೆ ಹಾಡೂ. ಸಂಜೆ ಹೊತ್ತಿಗೆ ನನ್ನ ಫಾರ್ಮುಗಳು ಖಾಲಿ, ಬೆನ್ನು ಮುರಿದಿತ್ತು. ಪಗಾರ ಹಂಚುವಾಗ ಮಾಮಾ ಚೇಷ್ಟೆಗೆ ನನಗೂ ಒಂದು ಹೆಣ್ಣಾಳಿನ ಕೂಲಿ ಕೊಟ್ಟರು. ಪೆಟ್ಟಿಗೆ ಎತ್ತುವ ಹುಡುಗನಿಗೆ ಕೊಟ್ಟದ್ದು ಅದಕ್ಕಿಂತ ಹೆಚ್ಚು. ನಾನು ಎದ್ದು ನಿಂತು 1976ರ ಸಮಾನ ವೇತನ ಕಾಯ್ದೆಯನ್ನು ಶೆಡ್ಡಿಗೆಲ್ಲ ಕೇಳುವಂತೆ ಹೇಳಿದೆ. ಹೆಂಗಸರು ಚಪ್ಪಾಳೆ ಹೊಡೆಯುತ್ತಾರೆಂದುಕೊಂಡಿದ್ದೆ. ಹಿರಿಯಳು ನನ್ನ ಸೆರಗು ಜಗ್ಗಿ ಕೂರಿಸಿದಳು. ‘ಸುಮ್ನ ಕುಂದ್ರ ಬೇ. ನೀ ನಾಳಿಗೆ ಬಸ್ ಹತ್ತಿ ಹೋಗಾಕಿ. ನಾವು ನಾಳಿಗೆ ಇಲ್ಲೇ ಬರಾವ್ರು.’ ಮಾಮಾ, ಅದು ತೂಕ ಎತ್ತುವ ಕೆಲಸದ ಕೂಲಿ, ಕಾಯ್ದೆಯಲ್ಲಿ ಅದೇ ಬಗೆಯ ಕೆಲಸಕ್ಕೆ ಅಂತ ಇದೆಯಲ್ಲ ಎಂದರು. ಇತ್ತು. ನಾನು ಆ ಪುಟ ಓದಿರಲಿಲ್ಲ, ಅವರು ಓದಿದ್ದರು. ಹೆಣ್ಣಾಳಿನ ಕೂಲಿಯನ್ನು ಪರ್ಸಿಗೆ ಹಾಕಿಕೊಂಡೆ. ವಾಪಸ್ ಕೊಡಬೇಕೇ ಎಂಬ ತಾತ್ವಿಕ ಪ್ರಶ್ನೆ ಬಸ್ಸಿನಲ್ಲಿ ಕಾಡಿತು. ಅಷ್ಟರಲ್ಲಿ ಬಸ್ಸು ಬಿಟ್ಟಿತ್ತು.

ಹೇಗೋ 40 ಫಾರ್ಮು ತುಂಬಿದವು. ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಇಲಿಗೆ ಸಿಗಬಾರದೆಂದು ಬಚ್ಚಲ ಪಕ್ಕದ ಕಟ್ಟಿಗೆ ಅಟ್ಟದ ಮೇಲಿಟ್ಟು ಮಲಗಿದೆ. ಮುಂಜಾನೆ ಏಳೂವರೆಗೆ ಎದ್ದು ನೋಡಿದರೆ ಚೀಲ ಮಾತ್ರ ಇತ್ತು, ಮಡಚಿಟ್ಟಿದ್ದರು.

‘ಹಾಳಿ ಚಲೋ ಹತ್ತಿದ್ವು’ ಎಂದಳು ಆಯಿ. ‘ರಾತ್ರಿ ಮಳಿಗೆ ಕಟಗಿ ತೊಯ್ದಿದ್ವು.’

ನಾನು ಚೀರಿದೆ. ಆಯಿ ಗಾಬರಿಯಾಗಲಿಲ್ಲ. ‘ನೀರ ಯಾರ ಸಲುವಾಗಿ ಕಾಸೀನಿ? ನಾ ತಣ್ಣೀರಾಗ ಜಳಕಾ ಮಾಡಾಕಿ.’ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ನಲವತ್ತು ಹೆಂಗಸರ ಒಂದು ದಿನ ಪೂರ್ತಿ ನನ್ನ ಒಂದು ಜಳಕಕ್ಕೆ ಹೋಗಿತ್ತು. ಅಳುತ್ತಲೇ ಜಳಕ ಮಾಡಿದೆ, ಕಾದ ನೀರು ಹಾಳು ಮಾಡಬಾರದೆಂದು.

ನನಗೆ ಸಮಾಧಾನ ಹೇಳಲು ಒಬ್ಬರು ಇದ್ದರು, ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ 1948ರಲ್ಲಿ ಇದ್ದು ಬರೆದುಕೊಂಡದ್ದನ್ನು ವರ್ಷಗಟ್ಟಲೆ ಸಂಸ್ಕರಿಸಿ ಮೂರು ಪ್ರತಿ ಮಾಡಿಟ್ಟುಕೊಂಡಿದ್ದರು. 1970ರ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರ ಕೋಣೆಗೆ ಬೆಂಕಿ ಬಿದ್ದು ಮೂರೂ ಪ್ರತಿ ಸುಟ್ಟವು. ನೆನಪಿನಿಂದಲೇ ಬರೆದು 1976ರಲ್ಲಿ ಅವರು ತಂದ ಹಳ್ಳಿಯ ಪುಸ್ತಕ ಜಗತ್ತಿನ ತರಗತಿಗಳಲ್ಲೆಲ್ಲ ಪಾಠವಾಯಿತು. ನಾನೂ ನೆನಪಿನಿಂದಲೇ ಬರೆಯಲು ಕೂತೆ. ಶ್ರೀನಿವಾಸರಿಗೂ ನನಗೂ ಇರುವ ವ್ಯತ್ಯಾಸ ಮೊದಲ ಪುಟದಲ್ಲೇ ತಿಳಿಯಿತು. ಅವರು ಹಳ್ಳಿಯಲ್ಲಿ ಜನರನ್ನು ನೋಡಿದ್ದರು. ನಾನು ಫಾರ್ಮನ್ನು ನೋಡಿಕೊಂಡು ಕೂತಿದ್ದೆ. ನೆನಪಿಗೆ ಬಂದದ್ದು ಮೇವಿನ ಹೊರೆ, ಆಡು, ಮತ್ತು ಎಲ್ಲ ಮನೆಗಳ ಚಹಾ.

ಆ ಹೊತ್ತಿಗೆ ವೈನಿ ಒಂದು ಹಾಳೆ ತಂದು ಮುಂದಿಟ್ಟಳು. ‘ಇದೊಂದ ಉಳದೈತಿ ನೋಡು. ಹಾಲಿನ ಲೆಕ್ಕಾ ಬರಿಯಾಕ ಇಟ್ಟಕೊಂಡಿದ್ನಿ.’

ನನ್ನದೇ ಫಾರ್ಮು, ಹೆಚ್ಚುವರಿಗೆಂದು ತಂದದ್ದರಲ್ಲಿ ಒಂದು. ಹಿಂಬದಿಯಲ್ಲಿ ಹಾಲಿನ ಲೆಕ್ಕ. ಮುಂಬದಿ ಮಾತ್ರ ತುಂಬಿತ್ತು. ಮುತ್ತಿನಂಥ ಅಕ್ಷರ. ಮಾಹಿತಿದಾರರ ಹೆಸರಿನ ಜಾಗದಲ್ಲಿ ನನ್ನ ಹೆಸರು.

4.00ರಿಂದ 7.30: ನಿದ್ದಿ. 7.30ರಿಂದ 8.00: ಹಾಸಿಗ್ಯಾಗ ಮೊಬೈಲ್. 8.00: ಚಹಾ ಬೇಡಿದ್ದು. 8.30: ಇನ್ನೊಮ್ಮಿ ಚಹಾ. 9.00: ಜಳಕಾ (ನೀರ ಕಾಸಿದವರು: ಆಯಿ). 9.30: ನಾಷ್ಟಾ (ಮಾಡಿದವರು: ನಾನು). 10.00ರಿಂದ 12.00: ನನ್ನ ಹಿಂದ ಹಿಂದ ಅಡ್ಡಾಡಿದ್ದು, ಪ್ರಶ್ನಿ ಕೇಳಿದ್ದು. ಅದಕ್ಕ ರೊಟ್ಟಿ ಹೊತ್ತಿದ್ದು: ಎರಡು. 12.30: ಊಟ. 1.00ರಿಂದ 3.00: ಹೆಂಗಸೂರ ಕಷ್ಟದ ಬಗ್ಗೆ ಬರದದ್ದು. ನಡುವ ನಿದ್ದಿ ಬಂದದ್ದು. 4.00: ಚಹಾ. ಕೊನೆಯಲ್ಲಿ ‘ಷರಾ’ ಎಂಬ ಕಡೆ, ಕೆಳಗೊಂದು ಗೆರೆ ಎಳೆದು ಬರೆದಿದ್ದಳು: ‘ಈ ಸರ್ವೇ ಸಲುವಾಗಿ ಮನಿ ಹೆಂಗಸರಿಗೆ ದಿನಾ ಹೆಚ್ಚಾದ ಕೆಲಸ: 2 ತಾಸು 10 ನಿಮಿಷ.’

ಬೇರೆ ದಾರಿಯಿರಲಿಲ್ಲ. ವೈವಾಗೆ ಅದೊಂದೇ ಹಾಳೆ ಹಿಡಿದು ಹೋದೆ. ಮೇಡಂ ಕನ್ನಡಕ ಹಾಕಿಕೊಂಡು ಓದಿದರು. ಹೊತ್ತಿದ ರೊಟ್ಟಿಯ ಸಾಲಿಗೆ ಬಂದಾಗ ನಕ್ಕರು. ಷರಾಕ್ಕೆ ಬಂದಾಗ ನಗು ನಿಲ್ಲಿಸಿ ಇನ್ನೊಮ್ಮೆ ಓದಿದರು. ಆಮೇಲೆ ಹಾಳೆ ತಿರುಗಿಸಿ ಹಾಲಿನ ಲೆಕ್ಕವನ್ನೂ ಓದಿದರು.

‘ಮಾಹಿತಿ ಸಂಗ್ರಹಿಸಿದವರು ಯಾರು?’

‘ನಮ್ಮ ವೈನಿ, ಮೇಡಂ.’

‘ಮತ್ತೆ ನಿನ್ನ ಪಾತ್ರ?’

‘ನಾನು ಮಾಹಿತಿದಾರಳು, ಮೇಡಂ.’

ಸುಟ್ಟ ನಲವತ್ತರ ಚಿಂತೆ ಬಿಡು, ಈ ಒಂದರ ಮೇಲೆ ಬರೆ ಎಂದರು. ಹೆಂಗಸರ ಕೂಲಿಯಿಲ್ಲದ ದುಡಿಮೆಯನ್ನು ಎಣಿಸಲು ಹೋದವಳನ್ನು ಊರಲ್ಲಿ ಸಾಕಿದ್ದು ಯಾವ ದುಡಿಮೆ, ಅದರಿಂದ ಅಧ್ಯಾಯ ಶುರು ಮಾಡು. ನಾನು ಹಾಗೇ ಮಾಡಿದೆ. ನನ್ನ ಚಹಾಗಳ ಪಟ್ಟಿ, ಜಳಕದ ನೀರು, ಹೊರೆ ಇಳಿಸದೆ ನಿಂತಾಕೆ, ಟಿಕೋಟಾದ ಒಂದು ದಿನದ ಕೂಲಿ ಎಲ್ಲವೂ ಅದರಲ್ಲಿ ಬಂದವು. ಆಯಿಯ ಪಂಚಮಿಯ ಮಾತೂ ಬಂತು, ಅಡಿಟಿಪ್ಪಣಿ ಸಮೇತ. ಅಂಕಗಳು ಚೆನ್ನಾಗಿಯೇ ಬಿದ್ದವು.

ಅಂಕಪಟ್ಟಿ ತಂದ ದಿನ ಅಡುಗೆಮನೆಯಲ್ಲಿ ವೈನಿಗೆ ತೋರಿಸಿದೆ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ನೋಡಿದಳು.

‘ಇದರಾಗ ನನ್ನ ಪಾಲೆಷ್ಟು?’

ನಕ್ಕೆ. ಅವಳು ನಗಲಿಲ್ಲ. ಪರಾತದಲ್ಲಿ ರೊಟ್ಟಿ ತಟ್ಟುತ್ತಲೇ, ಈ ಎಂ.ಎ.ಗೆ ಸೇರಲು ಬಿ.ಎ.ಯಲ್ಲಿ ಎಷ್ಟು ಪರ್ಸೆಂಟ್ ಇರಬೇಕು, ಅರ್ಜಿ ಯಾವಾಗ ಕರೆಯುತ್ತಾರೆ ಎಂದು ಕೇಳಿದಳು. ಬಸ್ಸಂತೂ ಫ್ರೀ ಐತಿ ಎಂದಳು. ಬೆಳಿಗ್ಗೆ ಎಂಟರ ಗಾಡಿಗೆ ಹೋದರೆ ಸಂಜೆ ಆರಕ್ಕೆ ಬರಬಹುದು, ಹೌದಲ್ಲ?

ಎಂಟಕ್ಕೆ ಅವಳು ಹೋದರೆ ನಾಷ್ಟಾ ಯಾರು, ರೊಟ್ಟಿ ಯಾರು, ಮಗ್ಗಿ ಯಾರು, ಆಡು ಯಾರು ಎಂದು ನನ್ನ ತಲೆಯಲ್ಲಿ ಅರ್ಧ ಅರ್ಧ ತಾಸಿನ ಮನೆಗಳು ತಾವೇ ತುಂಬಿಕೊಳ್ಳತೊಡಗಿದವು. ಪ್ರತಿ ಮನೆಯಲ್ಲೂ ನನ್ನ ಹೆಸರೇ ಬಂತು.

‘ಕೋರ್ಸ್ ಬಾಳ ಕಠಿಣ ಇರತೈತಿ, ವೈನಿ’ ಎಂದೆ, ಎರಡನೇ ರೊಟ್ಟಿಗೆ ತಾಟು ಚಾಚುತ್ತ.